ಸ್ಕ್ರೀನ್‌ಶಾಟ್ ಹೋಲಿಕೆ ಟೆಸ್ಟ್ ಪಾಸ್, ಆದರೆ ‘ರಾಷ್ಟ್ರ’ದ ಒತ್ತು ಅರ್ಧ ಮಾಯ: ಮಿತಿ ಎಷ್ಟಿಡಬೇಕು?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಒಂದು ಮುಕ್ತ ತಂತ್ರಾಂಶದ ಕನ್ನಡ ಇಂಟರ್‌ಫೇಸ್ ನೋಡಿಕೊಳ್ಳುವವರಲ್ಲಿ ನಾನೂ ಒಬ್ಬಳು. ಯಾರೇ ಕೋಡ್ ಬದಲಿಸಿದರೂ ಪುಟಗಳ ಸ್ಕ್ರೀನ್‌ಶಾಟ್ ತೆಗೆದು, ಮೊದಲೇ ಇಟ್ಟಿರುವ ಮೂಲ ಚಿತ್ರದ ಜೊತೆ ಹೋಲಿಸುವ ಟೆಸ್ಟ್ ನಮ್ಮಲ್ಲಿದೆ. ಬ್ರೌಸರನ್ನು ತಾನಾಗಿ ಓಡಿಸಿ ಪುಟ ಪರೀಕ್ಷಿಸುವ ‘ಪ್ಲೇರೈಟ್’ ಬಳಸುತ್ತೇವೆ. ಪುಟದ ಒಟ್ಟು ಪಿಕ್ಸೆಲ್‌ಗಳಲ್ಲಿ ಶೇ. 0.1ಕ್ಕಿಂತ ಹೆಚ್ಚು ಬದಲಾದರೆ ಫೇಲ್ ಅಂತ ಮಿತಿ ಇದೆ.

ಈಚೆಗೆ ಬಂದ ಒಂದು ಬದಲಾವಣೆಯಲ್ಲಿ ಬಟನ್ ಮೇಲಿನ ಬರಹ ಉದ್ದವಾದರೆ ಕೊನೆಗೆ ಮೂರು ಚುಕ್ಕಿ ಬರಲಿ ಅಂತ ‘ಓವರ್‌ಫ್ಲೋ ಹಿಡನ್’ (ಚೌಕಟ್ಟಿನ ಹೊರಗೆ ಹೋದದ್ದನ್ನು ಮರೆಮಾಡುವ ಸಿಎಸ್‌ಎಸ್ ಅಂದರೆ ಪುಟ ವಿನ್ಯಾಸದ ನಿಯಮ) ಹಾಕಿದರು. ಸಾಲಿನ ಎತ್ತರ ಮೊದಲಿನಿಂದಲೂ ಅಕ್ಷರದ ಗಾತ್ರದ 1.2 ಪಟ್ಟು ಇತ್ತು. ಇಂಗ್ಲಿಷಿಗೆ ಅದು ಸಾಕು. ಕನ್ನಡದಲ್ಲಿ ಒತ್ತಕ್ಷರ ಆ ಚೌಕಟ್ಟಿನಿಂದ ಸ್ವಲ್ಪ ಕೆಳಗಿಳಿಯುತ್ತಿತ್ತು, ಆದರೂ ಕಾಣುತ್ತಿತ್ತು. ಈಗ ಕತ್ತರಿಸಿ ಹೋಗಿದೆ. ‘ರಾಷ್ಟ್ರ’ದಲ್ಲಿ ಟ ಒತ್ತಿನ ಕೆಳಭಾಗವೂ ಇಲ್ಲ, ರ ಒತ್ತಿನ ಬಾಲವೂ ಇಲ್ಲ. ಟೆಸ್ಟ್ ಮಾತ್ರ ಎಲ್ಲಾ ಕಡೆ ಹಸಿರು. ಬಳಕೆದಾರರೊಬ್ಬರು ಬರೆದು ತಿಳಿಸುವವರೆಗೆ ಯಾರಿಗೂ ಗೊತ್ತಾಗಲಿಲ್ಲ.

ಮಿತಿಯನ್ನು ಎಷ್ಟಕ್ಕೆ ಇಳಿಸಬೇಕು? ಅಥವಾ ಬೇರೆ ಸಾಧನವನ್ನೇ ಹಿಡಿಯಬೇಕೇ? ಕನ್ನಡ, ತೆಲುಗು ಪುಟಗಳನ್ನು ಹೀಗೆ ಪರೀಕ್ಷಿಸುವವರು ಏನು ಮಾಡುತ್ತೀರಿ, ದಯವಿಟ್ಟು ತಿಳಿಸಿ.

ಚೌಕಳಿ

ಮೇಡಂ, ಎಷ್ಟು ಇಳಿಸಬೇಕು ಅನ್ನುವುದಕ್ಕಿಂತ ಮೊದಲು ಯಾವುದರ ಶೇಕಡಾ ಅಂತ ನೋಡೋಣ. ಲೆಕ್ಕ ಹಾಕಿದರೆ ತೊಂದರೆ ಎದ್ದು ಕಾಣುತ್ತದೆ.

1280×720 ಅಳತೆಯ ಪರದೆಯಲ್ಲಿ 9,21,600 ಪಿಕ್ಸೆಲ್. ಅದರ ಶೇ. 0.1 ಅಂದರೆ ಸುಮಾರು 921. 16 ಪಿಕ್ಸೆಲ್ ಗಾತ್ರದ ಅಕ್ಷರದಲ್ಲಿ ಒಂದು ಒತ್ತು ಹೆಚ್ಚೂ ಕಡಿಮೆ 6×5 ಜಾಗ ಹಿಡಿಯುತ್ತದೆ ಅಂದುಕೊಳ್ಳಿ, 30 ಪಿಕ್ಸೆಲ್. ಅಲ್ಲಿಗೆ ಮೂವತ್ತು ಒತ್ತುಗಳು ಪೂರ್ತಿ ಅಳಿಸಿಹೋದರೂ ನಿಮ್ಮ ಟೆಸ್ಟ್ ಪಾಸ್. ಪೂರ್ತಿ ಪುಟದ ಚಿತ್ರ ತೆಗೆದರೆ ಇನ್ನೂ ಕೆಟ್ಟದ್ದು. 6000 ಪಿಕ್ಸೆಲ್ ಉದ್ದದ ಪುಟವಾದರೆ ಒಟ್ಟು 76,80,000, ರಿಯಾಯಿತಿ 7,680. ಇನ್ನೂರೈವತ್ತು ಒತ್ತುಗಳಿಗೆ ಮಾಫಿ.

ಪುಟ ಉದ್ದವಾದಷ್ಟೂ ತಪ್ಪಿಗೆ ಜಾಗ ಹೆಚ್ಚುತ್ತದೆ. ಕನ್ನಡದಲ್ಲಿ ಅರ್ಥ ಕೂತಿರುವುದೇ ಸಣ್ಣ ಗುರುತುಗಳಲ್ಲಿ. ‘ದನ’ಕ್ಕೂ ‘ಧನ’ಕ್ಕೂ ಇರುವ ವ್ಯತ್ಯಾಸ ಒಂದು ಪುಟ್ಟ ಗೀಟು. ಪ–ಫ, ಬ–ಭ, ಡ–ಢ ಎಲ್ಲವೂ ಹಾಗೇ. ಇಡೀ ಪುಟದ ಶೇಕಡಾವಾರು ಲೆಕ್ಕದಲ್ಲಿ ಆ ಗೀಟಿಗೆ ಬೆಲೆಯೇ ಇಲ್ಲ.

ಆದ್ದರಿಂದ ನನ್ನ ಸಲಹೆ: ಪ್ಲೇರೈಟ್ ಸೆಟ್ಟಿಂಗ್‌ನಲ್ಲಿ ‘ಮ್ಯಾಕ್ಸ್‌ಡಿಫ್‌ಪಿಕ್ಸೆಲ್‌ರೇಷಿಯೋ’ ಬಿಟ್ಟು ‘ಮ್ಯಾಕ್ಸ್‌ಡಿಫ್‌ಪಿಕ್ಸೆಲ್ಸ್’ ಇಡಿ. ಶೇಕಡಾ ಬೇಡ, ಎಣಿಕೆ ಇರಲಿ. ಜೊತೆಗೆ ಇಡೀ ಪುಟದ ಚಿತ್ರ ತೆಗೆಯದೆ ಬಟನ್, ಮೆನು, ಶೀರ್ಷಿಕೆ ಹೀಗೆ ಒಂದೊಂದು ಅಂಗವನ್ನೂ ಬೇರೆಬೇರೆ ಹಿಡಿಯಿರಿ.

ಗುಲ್ಮೊಹರ್ ಧಾರವಾಡ

ಚೌಕಳಿ ಅವರ ಲೆಕ್ಕ ಖರೆ ಅದ. ಆದ್ರ ಎಣಿಕಿ ಸೊನ್ನೆ ಇಟ್ರ ದಿನಾ ಫೇಲ್ ಆಗ್ತದ್ರಿ. ನಮ್ಮ ತಂಡದಾಗ ಒಬ್ರದು ಮ್ಯಾಕ್, ಒಬ್ರದು ವಿಂಡೋಸ್, ಸರ್ವರ್ ಮ್ಯಾಲೆ ಲಿನಕ್ಸ್. ಅದೇ ಕೋಡ್, ಅದೇ ಪುಟ, ಆದ್ರ ಅಕ್ಷರದ ಅಂಚು ಮೂರೂ ಕಡೆ ಬ್ಯಾರೆ ಬ್ಯಾರೆ. ಪ್ರತಿಯೊಂದು ಅಕ್ಷರದ ಸುತ್ತಾ ಕೆಂಪು ಗೆರಿ ಬಂದು ನಿಂತಿರ್ತದ. ಆ ಕೆಂಪಿನೊಳಗ ಖರೇನ ತಪ್ಪಿದ್ರೂ ಕಾಣಂಗಿಲ್ಲ. ಅದಕ್ಕ ಬ್ಯಾಸತ್ತು ಮಂದಿ ಮಿತಿ ಏರಿಸ್ತಾರ. ಇದಕ್ಕೇನ್ ಮಾಡೋದು?

ರೈನ್‌ದಂಡೆ

ಗುಲ್ಮೊಹರ್ ಅವರೇ, ಅದು ಹೋಲಿಸುವ ಸಾಧನದ ತಪ್ಪಲ್ಲ. ಅಕ್ಷರ ಬಿಡಿಸುವ ಯಂತ್ರವೇ ಬೇರೆಬೇರೆ. ಲಿನಕ್ಸ್, ಆಂಡ್ರಾಯ್ಡ್‌ಗಳಲ್ಲಿ ಸಾಮಾನ್ಯವಾಗಿ ಹಾರ್ಫ್‌ಬಝ್ ಅಕ್ಷರ ಜೋಡಿಸಿದರೆ ಫ್ರೀಟೈಪ್ ಬಿಡಿಸುತ್ತದೆ. ಮ್ಯಾಕ್‌ನ ಸಫಾರಿಯಲ್ಲಿ ಎರಡೂ ಕೆಲಸ ಆಪಲ್‌ನ ಕೋರ್‌ಟೆಕ್ಸ್ಟ್‌ದು. ವಿಂಡೋಸ್‌ನಲ್ಲಿ ಡೈರೆಕ್ಟ್‌ರೈಟ್. ಫಾಂಟ್ ಹೆಸರು ಹೇಳದಿದ್ದರೆ ಅದೂ ಬೇರೆಯಾಗುತ್ತದೆ: ವಿಂಡೋಸ್ ನಿರ್ಮಲಾ ಅಥವಾ ತುಂಗಾ ಹಿಡಿಯುತ್ತದೆ, ಮ್ಯಾಕ್ ಕನ್ನಡ ಸಂಗಮ್, ಲಿನಕ್ಸ್‌ನಲ್ಲಿ ಲೋಹಿತ್, ಗುಬ್ಬಿ, ನವಿಲು, ನೋಟೋ ಇವುಗಳಲ್ಲಿ ಯಾವುದು ಸಿಕ್ಕರೆ ಅದು.

ಪ್ಲೇರೈಟ್‌ನವರು ತಮ್ಮ ಕೈಪಿಡಿಯಲ್ಲೇ ಬರೆದಿದ್ದಾರೆ: ಆಪರೇಟಿಂಗ್ ಸಿಸ್ಟಮ್, ಆವೃತ್ತಿ, ಯಂತ್ರಾಂಶ, ಬ್ಯಾಟರಿ ಮೇಲೆ ಓಡುತ್ತಿದೆಯೋ ವಿದ್ಯುತ್ ಮೇಲೋ, ಇಷ್ಟೆಲ್ಲದರಿಂದ ಚಿತ್ರ ಬದಲಾಗಬಹುದು ಅಂತ. ಅದಕ್ಕೇ ಮೂಲ ಚಿತ್ರದ ಕಡತದ ಹೆಸರಿಗೆ ಬ್ರೌಸರ್ ಮತ್ತು ಸಿಸ್ಟಮ್ ಹೆಸರು ಸೇರಿಸಿ ಉಳಿಸುತ್ತದೆ.

ನಾವು ಮಾಡಿದ್ದು ಹೀಗೆ. ಮೂಲ ಚಿತ್ರವೂ ಹೊಸ ಚಿತ್ರವೂ ಒಂದೇ ಡಾಕರ್ ಇಮೇಜ್ (ಸಿಸ್ಟಮ್, ಬ್ರೌಸರ್ ಸೇರಿಸಿ ಕಟ್ಟಿದ, ಎಲ್ಲಿ ಓಡಿಸಿದರೂ ಒಂದೇ ತರ ಇರುವ ಪೊಟ್ಟಣ) ಒಳಗೇ ತಯಾರಾಗಬೇಕು, ಯಾರ ಲ್ಯಾಪ್‌ಟಾಪ್ ಮೇಲೂ ಅಲ್ಲ. ಫಾಂಟ್ ಕಡತ ಕೋಡ್‌ನ ಜೊತೆಗೇ ಇರುತ್ತದೆ, ಆವೃತ್ತಿ ಬದಲಾದರೆ ಅದೂ ಒಂದು ಕಮಿಟ್, ಅಂದರೆ ದಾಖಲಾದ ಬದಲಾವಣೆ. ಕ್ರೋಮಿಯಂ ಬ್ರೌಸರ್ ಶುರುಮಾಡುವಾಗ ಹಿಂಟಿಂಗ್ (ಅಕ್ಷರದ ಗೆರೆಯನ್ನು ಪಿಕ್ಸೆಲ್‌ಗೆ ಹೊಂದಿಸುವುದು) ಬೇಡ, ಎಲ್‌ಸಿಡಿ ಅಕ್ಷರ ಬೇಡ ಅಂತ ಎರಡು ಸೂಚನೆ ಕೊಡುತ್ತೇವೆ. ಎಲ್‌ಸಿಡಿ ಆಯ್ಕೆ ಇದ್ದರೆ ಅಂಚಿನಲ್ಲಿ ಕೆಂಪು–ನೀಲಿ ಛಾಯೆ ಬರುತ್ತದೆ, ಹೋಲಿಕೆಗೆ ಅದು ದೊಡ್ಡ ಕಾಟ. ಚಿತ್ರ ತೆಗೆಯುವ ಮೊದಲು ‘ಡಾಕ್ಯುಮೆಂಟ್ ಫಾಂಟ್ಸ್ ರೆಡಿ’ ಆಗುವವರೆಗೆ, ಅಂದರೆ ಫಾಂಟ್ ಪೂರ್ತಿ ಬರುವವರೆಗೆ, ಕಾಯಬೇಕು. ಇಲ್ಲದಿದ್ದರೆ ಒಮ್ಮೆ ಬದಲಿ ಫಾಂಟ್, ಇನ್ನೊಮ್ಮೆ ನಿಜವಾದ ಫಾಂಟ್ ಬರುತ್ತದೆ.

ಇಷ್ಟಾದ ಮೇಲೆ ಎಣಿಕೆಯ ಮಿತಿ ಸೊನ್ನೆ ಇಟ್ಟರೂ ನಮ್ಮಲ್ಲಿ ಟೆಸ್ಟ್ ತಣ್ಣಗಿದೆ.

ಗುಬ್ಬಿಗೂಡು

ಡಾಕರ್ ವಿಷಯಕ್ಕೆ ಒಂದು ಎಚ್ಚರಿಕೆ ಸೇರಿಸಲೇಬೇಕು. ಹೆಚ್ಚಿನ ಚಿಕ್ಕ ಇಮೇಜ್‌ಗಳಲ್ಲಿ ಕನ್ನಡ ಫಾಂಟ್ ಇರುವುದೇ ಇಲ್ಲ. ಹಾಗಿದ್ದಾಗ ಅಕ್ಷರಗಳ ಬದಲು ಖಾಲಿ ಚೌಕಗಳು ಬರುತ್ತವೆ. ಮೊದಲ ಸಲ ಓಡಿಸಿದಾಗ ಆ ಚೌಕಗಳ ಚಿತ್ರವೇ ಮೂಲವಾಗಿ ಕೂರುತ್ತದೆ. ಆಮೇಲೆ ಪ್ರತಿ ಸಲವೂ ಅದೇ ಚೌಕಗಳು, ಅದೇ ಹೋಲಿಕೆ, ಅದೇ ಹಸಿರು. ಕನ್ನಡ ಓದಲು ಬಾರದ ಡೆವಲಪರ್ ಒಬ್ಬರು ಮೂಲ ಚಿತ್ರವನ್ನು ಒಪ್ಪಿಬಿಟ್ಟರೆ ಮುಗಿಯಿತು. ಬೇರೆ ಬೇರೆ ಯೋಜನೆಗಳ ರೆಪೊಸಿಟರಿಗಳಲ್ಲಿ ಇಂಥ ಮೂಲ ಚಿತ್ರಗಳನ್ನು ನಾನು ನೋಡಿದ್ದೇನೆ. ಬೇಸರವಾಗುತ್ತದೆ, ಯಾಕೆಂದರೆ ಪರೀಕ್ಷೆ ಬರೆದವರು ಒಳ್ಳೆಯ ಮನಸ್ಸಿನಿಂದಲೇ ಕನ್ನಡವನ್ನೂ ಸೇರಿಸಿರುತ್ತಾರೆ.

ಡೆಬಿಯನ್ ಲಿನಕ್ಸ್ ಆಧಾರದ ಇಮೇಜ್ ಆದರೆ ಕನ್ನಡ ಫಾಂಟ್‌ಗಳ ಪ್ಯಾಕೇಜ್ ಸಿಗುತ್ತದೆ, ಹಾಕಿಕೊಳ್ಳಿ. ಅದಕ್ಕಿಂತ ಮುಖ್ಯವಾದದ್ದು: ಹೋಲಿಸುವ ಸಾಧನಕ್ಕೆ ಸರಿ ತಪ್ಪು ಗೊತ್ತಿಲ್ಲ, ಬದಲಾಗಿದೆಯೋ ಇಲ್ಲವೋ ಅನ್ನುವುದಷ್ಟೇ ಗೊತ್ತು. ಆದ್ದರಿಂದ ಮೂಲ ಚಿತ್ರ ಬದಲಿಸುವ ಪ್ರತಿ ಕಮಿಟ್‌ನ್ನೂ ಕನ್ನಡ ಓದುವ ಒಬ್ಬರು ಕಣ್ಣಾರೆ ನೋಡಿ ಒಪ್ಪಬೇಕು ಅನ್ನುವ ನಿಯಮ ಬೇಕು. ಕಡತದ ದಾರಿಗೆ ತಕ್ಕಂತೆ ರಿವ್ಯೂ ಮಾಡುವವರನ್ನು ಗೊತ್ತುಮಾಡುವ ಸೌಲಭ್ಯ ಗಿಟ್‌ಹಬ್, ಗಿಟ್‌ಲ್ಯಾಬ್ ಎರಡರಲ್ಲೂ ಇದೆ.

ನೇಸರ

ಪಿಕ್ಸೆಲ್ ಎಣಿಸುವ ಪದ್ಧತಿಯನ್ನೇ ಬಿಟ್ಟು ಎಸ್‌ಎಸ್‌ಐಎಂ ಹಿಡಿಯಬಾರದೇ? 2004ರಲ್ಲಿ ವಾಂಗ್, ಬೋವಿಕ್, ಶೇಖ್, ಸಿಮೊನ್ಸೆಲ್ಲಿ ಕೊಟ್ಟ ಅಳತೆ ಅದು. ಪಿಕ್ಸೆಲ್‌ಗಳನ್ನು ಒಂದೊಂದಾಗಿ ನೋಡದೆ ಸಣ್ಣ ಕಿಟಕಿಯಷ್ಟು ಜಾಗ ತೆಗೆದುಕೊಂಡು ಬೆಳಕು, ಕಾಂಟ್ರಾಸ್ಟ್, ರಚನೆ ಮೂರನ್ನೂ ಹೋಲಿಸುತ್ತದೆ. ಮನುಷ್ಯನ ಕಣ್ಣಿಗೆ ಹತ್ತಿರ. ಪೈಥಾನ್‌ನ ಸೈಕಿಟ್-ಇಮೇಜ್ ಲೈಬ್ರರಿಯಲ್ಲಿ ಒಂದೇ ಸಾಲಿನಲ್ಲಿ ಸಿಗುತ್ತದೆ. 1 ಬಂದರೆ ಎರಡೂ ಒಂದೇ. ನಾನು 0.99ರ ಕೆಳಗಿದ್ದರೆ ಫೇಲ್ ಅಂತ ಇಟ್ಟಿದ್ದೇನೆ, ಅಂಚಿನ ಗದ್ದಲ ಕಡಿಮೆಯಾಗಿದೆ.

ಚೌಕಳಿ

ನೇಸರ ಅವರೇ, ಅಳತೆ ಒಳ್ಳೆಯದೇ, ಆದರೆ ನೀವು ನೋಡುತ್ತಿರುವ 0.99 ಅನ್ನುವುದು ಇಡೀ ಚಿತ್ರದ ಸರಾಸರಿ. ಪುಟದ ಬಹುಪಾಲು ಬಿಳಿ ಜಾಗ, ಅಲ್ಲೆಲ್ಲ 1 ಬರುತ್ತದೆ. ಒಂದು ಒತ್ತು ಹೋದ ಜಾಗದಲ್ಲಿ ಅಂಕ ಪಾತಾಳಕ್ಕಿಳಿದರೂ ಸರಾಸರಿಯಲ್ಲಿ ಕರಗಿ ಹೋಗುತ್ತದೆ. ಶೇ. 0.1ರ ರೋಗವೇ ಇಲ್ಲೂ ಇದೆ.

ಅದೇ ಫಂಕ್ಷನ್‌ಗೆ ‘ಫುಲ್’ ಆಯ್ಕೆ ಕೊಟ್ಟರೆ ಪೂರ್ತಿ ನಕ್ಷೆ ಸಿಗುತ್ತದೆ, ಪ್ರತಿ ಪಿಕ್ಸೆಲ್‌ಗೂ ಅದರ ಸುತ್ತಲಿನ ಅಂಕ. ಸರಾಸರಿ ಬಿಟ್ಟು ಆ ನಕ್ಷೆಯ ಅತಿ ಕಡಿಮೆ ಅಂಕವನ್ನು ನೋಡಿ. ಸೈಕಿಟ್-ಇಮೇಜ್‌ನಲ್ಲಿ ಕಿಟಕಿ ತಾನಾಗಿ 7×7. ಮೂಲ ಪ್ರಬಂಧದಲ್ಲಿ 11×11. ನಮ್ಮ ಒತ್ತು 6×5 ಅಂದರೆ ಹೆಚ್ಚೂಕಡಿಮೆ ಒಂದೇ ಕಿಟಕಿಯೊಳಗೆ ಕೂರುತ್ತದೆ, ಹಾಗಾಗಿ ಅದು ಮಾಯವಾದರೆ ಅಲ್ಲಿ ಅಂಕ ಧೊಪ್ಪನೆ ಬೀಳುತ್ತದೆ. ಅಕ್ಷರದ ಅಂಚು ಕೊಂಚ ಮಸುಕಾದರೆ ಅಷ್ಟೊಂದು ಬೀಳುವುದಿಲ್ಲ. ಎಸ್‌ಎಸ್‌ಐಎಂ ನಮಗೆ ಉಪಯೋಗಕ್ಕೆ ಬರುವುದು ಇಲ್ಲಿ.

ನೇಸರ

ಒಪ್ಪಿದೆ. ನಕ್ಷೆಯ ಕನಿಷ್ಠ ಅಂಕ ತೆಗೆದು ನೋಡಿದೆ. ‘ಧನ’ವನ್ನು ‘ದನ’ ಮಾಡಿ ಹೋಲಿಸಿದಾಗ ಸರಾಸರಿ ಬಹುತೇಕ ಕದಲಲಿಲ್ಲ, ಕನಿಷ್ಠ ಅಂಕ ಮಾತ್ರ ನೇರ ಆ ಗೀಟಿನ ಜಾಗವನ್ನೇ ತೋರಿಸಿತು.

ಕಡಲತಡಿ

ತುಂಗಾತೀರ ಅವರೇ, ನೀವು ‘ಥ್ರೆಶೋಲ್ಡ್’ ಅನ್ನು ಮುಟ್ಟಿದ್ದೀರಾ ಇಲ್ಲವಾ? ತುಂಬಾ ಜನ ಇದನ್ನೂ ಪಿಕ್ಸೆಲ್ ಎಣಿಕೆಯನ್ನೂ ಒಂದೇ ಅಂತ ತಿಳಿಯುತ್ತಾರೆ ಮಾರಾಯ್ರೆ. ಎಣಿಕೆಯ ಮಿತಿ ಹೇಳುವುದು ಎಷ್ಟು ಪಿಕ್ಸೆಲ್ ಬದಲಾದರೆ ಫೇಲ್ ಅಂತ. ಥ್ರೆಶೋಲ್ಡ್ ಹೇಳುವುದು ಒಂದು ಪಿಕ್ಸೆಲ್‌ನ ಬಣ್ಣ ಎಷ್ಟು ಬದಲಾದರೆ ಅದನ್ನು ‘ಬದಲಾಗಿದೆ’ ಅಂತ ಲೆಕ್ಕಕ್ಕೆ ಹಿಡಿಯಬೇಕು ಅಂತ.

ಪ್ಲೇರೈಟ್ ಒಳಗೆ ಹೋಲಿಸುವ ಕೆಲಸ ಮಾಡುವುದು ಮ್ಯಾಪ್‌ಬಾಕ್ಸ್‌ನವರ ಪಿಕ್ಸೆಲ್‌ಮ್ಯಾಚ್. ಪುಟ್ಟ ಲೈಬ್ರರಿ, ಬೇರೆ ಯಾವುದರ ಮೇಲೂ ಅವಲಂಬಿತ ಅಲ್ಲ, ಇಡೀ ಕೋಡ್ ಒಂದು ಮಧ್ಯಾಹ್ನ ಕೂತು ಓದಿ ಮುಗಿಸಬಹುದು. ಅದರಲ್ಲಿ ಥ್ರೆಶೋಲ್ಡ್ ತಾನಾಗಿ 0.1, ಪ್ಲೇರೈಟ್ ಅದನ್ನು 0.2 ಮಾಡಿಕೊಂಡಿದೆ. ಬಣ್ಣದ ದೂರ ಅಳೆಯುವುದು ವೈಐಕ್ಯೂ ಪದ್ಧತಿಯಲ್ಲಿ, ಅಂದರೆ ಬೆಳಕನ್ನೂ ಬಣ್ಣವನ್ನೂ ಬೇರೆ ಮಾಡಿ. ಆ ಸೂತ್ರದಲ್ಲಿ ಬರೀ ಬೂದು ಬಣ್ಣಕ್ಕೆ ಲೆಕ್ಕ ಹಾಕಿದರೆ 0.2ಕ್ಕೆ 255ರಲ್ಲಿ ಸುಮಾರು 52 ಮಟ್ಟದವರೆಗಿನ ಬದಲಾವಣೆ ಲೆಕ್ಕಕ್ಕೇ ಬರುವುದಿಲ್ಲ. 0.1ಕ್ಕೆ ಸುಮಾರು 26.

ಹಾಗೆಂದರೆ ಏನು ನೋಡಿ. ಫಾರ್ಮ್‌ಗಳಲ್ಲಿ ‘ನಿಮ್ಮ ಹೆಸರು’ ಅಂತ ತಿಳಿ ಬೂದು ಬಣ್ಣದಲ್ಲಿ ಸೂಚನೆ ಇರುತ್ತದಲ್ಲ, ಅದು ಬಿಳಿಯ ಮೇಲೆ 204 ಮಟ್ಟದ ಬೂದು ಆಗಿದ್ದರೆ ವ್ಯತ್ಯಾಸ 51 ಮಾತ್ರ. ಆ ಬರಹ ಪೂರ್ತಿ ಕಾಣೆಯಾದರೂ 0.2ರಲ್ಲಿ ಬದಲಾದ ಪಿಕ್ಸೆಲ್ ಸೊನ್ನೆ! ಎಣಿಕೆಯ ಮಿತಿ ಎಷ್ಟೇ ಬಿಗಿ ಇಟ್ಟರೂ ಹಿಡಿಯಲಿಕ್ಕೆ ಆಗುವುದಿಲ್ಲ. ಹಾಗಾಗಿ ಕನ್ನಡಕ್ಕೆ ನಾನು 0.05 ಇಡುತ್ತೇನೆ.

ಇನ್ನೊಂದು ಉಂಟು. ಪಿಕ್ಸೆಲ್‌ಮ್ಯಾಚ್ ಅಂಚು ಮೃದುಗೊಳಿಸಿದ ಪಿಕ್ಸೆಲ್‌ಗಳನ್ನು ಗುರುತಿಸಿ ಬಿಟ್ಟುಬಿಡುತ್ತದೆ, ಚಿತ್ರದಲ್ಲಿ ಹಳದಿ ತೋರಿಸುತ್ತದೆ. ಇಂಗ್ಲಿಷಿನ ದಪ್ಪ ಗೆರೆಗಳಿಗೆ ಅದು ವರ. ಮಹಾಪ್ರಾಣದ ಸಪೂರ ಗೀಟು 14 ಪಿಕ್ಸೆಲ್ ಗಾತ್ರದಲ್ಲಿ ಒಂದೇ ಪಿಕ್ಸೆಲ್ ಅಗಲ ಇರುತ್ತದೆ, ಅದನ್ನೂ ಅಂಚು ಅಂತ ತಿಳಿದು ಬಿಡುವ ಸಾಧ್ಯತೆ ಉಂಟು. ಲೈಬ್ರರಿಯನ್ನು ನೇರ ಬಳಸುವುದಾದರೆ ‘ಇನ್‌ಕ್ಲೂಡ್‌ಎಎ’ ಆನ್ ಮಾಡಿ, ಅವನ್ನೂ ಎಣಿಸುತ್ತದೆ.

ತುಂಗಾತೀರ

ಕಡಲತಡಿ ಅವರೇ, ಇದು ನನಗೆ ಹೊಸ ವಿಷಯ. ನಮ್ಮ ಫಾರ್ಮ್‌ಗಳ ಸೂಚನೆ ಬರಹ ಇದೇ ತರಹದ ತಿಳಿ ಬೂದು. ತುಂಬಾ ಧನ್ಯವಾದ.

ಜೊತೆಗೆ ಇನ್ನೊಂದು ಪ್ರಶ್ನೆ. ವ್ಯತ್ಯಾಸದ ಚಿತ್ರದಲ್ಲಿ ಎಲ್ಲವೂ ಕೆಂಪು. ಒತ್ತು ಹೋಗಿದೆಯೋ, ಹೊಸದಾಗಿ ಬಂದಿದೆಯೋ ಅಂತ ಹೇಗೆ ತಿಳಿಯುವುದು? ನಮ್ಮ ತಂಡದಲ್ಲಿ ಕೆಂಪು–ಹಸಿರು ಬೇರೆ ಮಾಡಿ ಕಾಣಲು ಕಷ್ಟಪಡುವವರೂ ಇದ್ದಾರೆ.

ಕಡಲತಡಿ

ಪಿಕ್ಸೆಲ್‌ಮ್ಯಾಚ್‌ನಲ್ಲಿ ಬಣ್ಣ ನಾವೇ ಕೊಡಬಹುದು. ‘ಡಿಫ್‌ಕಲರ್’ ಒಂದು, ‘ಡಿಫ್‌ಕಲರ್‌ಆಲ್ಟ್’ ಇನ್ನೊಂದು. ಎರಡನೆಯದನ್ನು ಕೊಟ್ಟರೆ ತಿಳಿ ಬಣ್ಣ ಇದ್ದದ್ದು ಗಾಢವಾದ ಜಾಗಕ್ಕೂ ಗಾಢವಾದದ್ದು ತಿಳಿಯಾದ ಜಾಗಕ್ಕೂ ಬೇರೆಬೇರೆ ಬಣ್ಣ. ಬಿಳಿಯ ಮೇಲೆ ಕಪ್ಪು ಅಕ್ಷರ ಆದರೆ ಬಂದದ್ದು, ಹೋದದ್ದು ಎರಡೂ ತಿಳಿಯುತ್ತದೆ. ನೀಲಿ ಮತ್ತು ಕಿತ್ತಳೆ ಇಡಿ, ನಿಮ್ಮ ತಂಡದವರಿಗೂ ಅನುಕೂಲ. ಚಿತ್ರ ಸಂಸ್ಕರಿಸುವ ಇಮೇಜ್‌ಮ್ಯಾಜಿಕ್‌ನ ‘ಕಂಪೇರ್’ ಆಜ್ಞೆಯಲ್ಲೂ ‘ಹೈಲೈಟ್-ಕಲರ್’ ಅಂತ ಆಯ್ಕೆ ಉಂಟು.

ಅಂದ ಹಾಗೆ ಕೈಯಲ್ಲಿ ಎರಡು ಚಿತ್ರ ಇದ್ದು ಥಟ್ಟನೆ ನೋಡಬೇಕಾದರೆ ಆ ಕಂಪೇರ್ ಸಾಕು. ಮೆಟ್ರಿಕ್ ‘ಎಇ’ ಅಂತ ಕೊಟ್ಟರೆ ಬದಲಾದ ಪಿಕ್ಸೆಲ್ ಎಣಿಕೆ, ‘ಫಝ್’ ಕೊಟ್ಟರೆ ಬಣ್ಣಕ್ಕೆ ಸ್ವಲ್ಪ ಸಡಿಲ. ಎರಡೂ ಒಂದೇ ಆದರೆ ಹೊರಬರುವ ಸಂಕೇತ 0, ಬೇರೆ ಆದರೆ 1, ತೊಂದರೆ ಆದರೆ 2. ಸ್ಕ್ರಿಪ್ಟ್‌ನಲ್ಲಿ ಸೇರಿಸಲು ಸುಲಭ. ಪಿಎನ್‌ಜಿ ಮಾತ್ರ ಬಳಸಿ. ಜೆಪೆಗ್ 8×8 ತುಂಡುಗಳಲ್ಲಿ ಚಿತ್ರ ಕುಗ್ಗಿಸುವುದರಿಂದ ಅಕ್ಷರದ ಸುತ್ತ ಕಸ ಬರುತ್ತದೆ.

ಹಳೆಹೊತ್ತಗೆ

ನಾನು ಸಾಫ್ಟ್‌ವೇರ್‌ನವನಲ್ಲ, ಹಳೆಯ ಕನ್ನಡ ಪುಸ್ತಕಗಳ ಮುದ್ರಣಗಳನ್ನು ಹೋಲಿಸಿ ನೋಡುವ ಅಭ್ಯಾಸದವನು. ಈ ಚರ್ಚೆ ನಮ್ಮ ಕೆಲಸಕ್ಕೆ ಬಹಳ ಹತ್ತಿರ ಅನ್ನಿಸಿ ಬರೆಯುತ್ತಿದ್ದೇನೆ.

ಒಂದೇ ಪುಸ್ತಕದ ಮೊದಲ ಮುದ್ರಣ, ಮರುಮುದ್ರಣ ಎರಡರ ಸ್ಕ್ಯಾನ್ ಇದ್ದಾಗ ಎಲ್ಲಿ ಅಕ್ಷರ ತಿದ್ದಿದ್ದಾರೆ ಅಂತ ಹುಡುಕುವುದು ಹಳೆಯ ವಿದ್ಯೆ. ಅಮೆರಿಕದ ಚಾರ್ಲ್ಟನ್ ಹಿನ್ಮನ್ ಅನ್ನುವ ವಿದ್ವಾಂಸರು 1940ರ ದಶಕದಲ್ಲಿ ಇದಕ್ಕೆಂದೇ ಯಂತ್ರ ಕಟ್ಟಿದರು. ಷೇಕ್ಸ್‌ಪಿಯರನ ನಾಟಕಗಳ 1623ರ ಸಂಪುಟದ ಎರಡು ಪ್ರತಿಗಳನ್ನು ಕನ್ನಡಿಗಳ ಮೂಲಕ ಒಂದರ ಮೇಲೊಂದು ಕೂರಿಸಿ, ದೀಪವನ್ನು ಒಮ್ಮೆ ಇದಕ್ಕೆ ಒಮ್ಮೆ ಅದಕ್ಕೆ ಬೀಳುವಂತೆ ಮಾಡಿದರೆ, ಒಂದೇ ಇರುವ ಅಕ್ಷರಗಳು ನಿಶ್ಚಲ, ಬದಲಾದದ್ದು ಮಾತ್ರ ಮಿಣುಕುತ್ತದೆ. ವಾಷಿಂಗ್ಟನ್‌ನ ಫೋಲ್ಜರ್ ಗ್ರಂಥಾಲಯದ 55 ಪ್ರತಿಗಳನ್ನು ಅವರು ಹೀಗೆ ಹೋಲಿಸಿದರು. ಖಗೋಳದವರು ಅದಕ್ಕೂ ಮೊದಲೇ ಇದೇ ಉಪಾಯ ಬಳಸಿದ್ದರು. 1930ರ ಜನವರಿ 23 ಮತ್ತು 29ರಂದು ತೆಗೆದ ಎರಡು ಫೋಟೋ ಪ್ಲೇಟ್‌ಗಳನ್ನು ಹೀಗೇ ಅದಲುಬದಲು ಮಾಡಿ ನೋಡುವಾಗಲೇ ಕ್ಲೈಡ್ ಟಾಂಬೋ ಫೆಬ್ರವರಿ 18ರಂದು ಪ್ಲೂಟೋವನ್ನು ಕಂಡದ್ದು.

ನಾನು ಎರಡು ಸ್ಕ್ಯಾನ್‌ಗಳನ್ನು ಇಮೇಜ್‌ಮ್ಯಾಜಿಕ್‌ಗೆ ಕೊಟ್ಟರೆ ಇಡೀ ಪುಟ ಕೆಂಪು. ಅಳತೆ ಬೇರೆ, ಪುಟ ವಾಲಿರುತ್ತದೆ. ಏನು ಮಾಡಲಿ?

ನೇಸರ

ಹಳೆಹೊತ್ತಗೆ ಸರ್, ಹೋಲಿಸುವ ಮೊದಲು ಎರಡನ್ನೂ ಒಂದರ ಮೇಲೊಂದು ಸರಿಯಾಗಿ ಕೂರಿಸಬೇಕು. ಹಿನ್ಮನ್ ಕನ್ನಡಿ ತಿರುಗಿಸಿ ಮಾಡಿದ್ದನ್ನು ಓಪನ್‌ಸಿವಿ ಅನ್ನುವ ಚಿತ್ರ ಲೈಬ್ರರಿಯಲ್ಲಿ ಲೆಕ್ಕದಿಂದ ಮಾಡಬಹುದು. ಎರಡೂ ಪುಟಗಳಲ್ಲಿ ಎದ್ದು ಕಾಣುವ ಬಿಂದುಗಳನ್ನು ‘ಸಿಫ್ಟ್’ ಅಥವಾ ‘ಓಆರ್‌ಬಿ’ ಹುಡುಕುತ್ತದೆ, ಹೊಂದದ ಜೋಡಿಗಳನ್ನು ‘ರಾನ್ಸಾಕ್’ ಕೈಬಿಡುತ್ತದೆ, ಉಳಿದವುಗಳಿಂದ ಒಂದು ಪುಟವನ್ನು ಇನ್ನೊಂದಕ್ಕೆ ಹೊಂದುವಂತೆ ತಿರುಗಿಸಿ ಹಿಗ್ಗಿಸುವ ಲೆಕ್ಕ ಸಿಗುತ್ತದೆ. ಸಿಫ್ಟ್‌ನ ಪೇಟೆಂಟ್ 2020ರಲ್ಲಿ ಮುಗಿದಿದೆ, ಈಗ ಓಪನ್‌ಸಿವಿಯ ಮುಖ್ಯ ಭಾಗದಲ್ಲೇ ಇದೆ.

ಒಂದು ತೊಡಕಿದೆ. ಹಳೆಯ ಕಾಗದ ಒಂದೇ ಸಮ ಹಿಗ್ಗಿರುವುದಿಲ್ಲ. ಬೈಂಡಿಂಗ್ ಹತ್ತಿರ ಬಾಗಿರುತ್ತದೆ. ಆದ್ದರಿಂದ ಪುಟಕ್ಕೆ ಒಂದೇ ಸಲ ಮಾಡದೆ, ಸಾಲು ಸಾಲಾಗಿ ಕತ್ತರಿಸಿ ಪ್ರತಿ ಸಾಲನ್ನೂ ಬೇರೆಯಾಗಿ ಹೊಂದಿಸಿ. ಮೊದಲು ಕಪ್ಪು–ಬಿಳುಪು ಮಾಡಿಕೊಂಡರೆ ಹಳದಿ ಕಾಗದದ ಕಾಟ ಇರುವುದಿಲ್ಲ. ಮತ್ತೆ ಜೋಡಿಸಿ ಅಚ್ಚು ಹಾಕಿದ ಮರುಮುದ್ರಣವಾದರೆ ಸಾಲುಗಳೇ ಬೇರೆ ಕಡೆ ಮುರಿಯುತ್ತವೆ, ಅಲ್ಲಿ ಚಿತ್ರ ಹೋಲಿಕೆ ನಡೆಯದು, ಓಸಿಆರ್ ಮಾಡಿ (ಚಿತ್ರದಿಂದ ಅಕ್ಷರ ಓದಿಸಿ) ಪಠ್ಯವನ್ನೇ ಹೋಲಿಸಬೇಕು.

ಕೊನೆಗೆ ಫಲಿತಾಂಶ ನೋಡುವಾಗ ನೀವು ಹೇಳಿದ ಮಿಣುಕುವ ಪದ್ಧತಿಯೇ ನನಗೂ ಇಷ್ಟ. ಎರಡು ಚಿತ್ರ ಸೇರಿಸಿ ಅರ್ಧ ಸೆಕೆಂಡಿಗೊಮ್ಮೆ ಬದಲಾಗುವ ಜಿಫ್ ಮಾಡಿ. ಎನ್‌ವಿಡಿಯಾದವರು 2020ರಲ್ಲಿ ಪ್ರಕಟಿಸಿದ ‘ಫ್ಲಿಪ್’ ಅಳತೆಯ ಆಧಾರವೂ ಇದೇ, ಎರಡು ಚಿತ್ರ ಅದಲುಬದಲು ಮಾಡಿದಾಗ ಕಣ್ಣಿಗೆ ಎಷ್ಟು ಕಾಣುತ್ತದೆ ಅಂತ ಅಂದಾಜಿಸುವುದು.

ಹಳೆಹೊತ್ತಗೆ

ಸಾಲು ಸಾಲಾಗಿ ಹೊಂದಿಸುವುದು ನನಗೆ ಹೊಳೆದಿರಲಿಲ್ಲ. ನಮ್ಮ ಮೊಮ್ಮಗಳ ಸಹಾಯ ತೆಗೆದುಕೊಂಡು ಪ್ರಯತ್ನಿಸುತ್ತೇನೆ. ಉಪಕಾರವಾಯಿತು.

ಗುಬ್ಬಿಗೂಡು

ಮೂಲ ಪ್ರಶ್ನೆಗೆ ವಾಪಸ್ ಬರುತ್ತೇನೆ. ಒತ್ತಕ್ಷರ ಹಾಳಾಗುವುದಕ್ಕೆ ಎರಡು ದಾರಿ ಇದೆ. ಒಂದು, ಜೋಡಣೆಯೇ ತಪ್ಪುವುದು. ಇನ್ನೊಂದು, ಜೋಡಣೆ ಸರಿಯಿದ್ದೂ ಪರದೆಯ ಮೇಲೆ ಕತ್ತರಿಸಿ ಹೋಗುವುದು. ಮೊದಲನೆಯದಕ್ಕೆ ಚಿತ್ರ ಬೇಕಾಗಿಯೇ ಇಲ್ಲ. ಹಾರ್ಫ್‌ಬಝ್ ಜೊತೆ ಬರುವ ‘ಎಚ್‌ಬಿ-ಶೇಪ್’ಗೆ ಫಾಂಟ್ ಮತ್ತು ಪದ ಕೊಟ್ಟರೆ ಯಾವ ಗ್ಲಿಫ್ (ಫಾಂಟಿನ ಅಕ್ಷರರೂಪ), ಯಾವ ಕ್ರಮ, ಎಷ್ಟು ಅಗಲ ಎಲ್ಲವನ್ನೂ ಪಠ್ಯವಾಗಿ ಕೊಡುತ್ತದೆ. ಅದನ್ನು ಉಳಿಸಿ ಮಾಮೂಲಿ ಡಿಫ್ (ಪಠ್ಯ ಹೋಲಿಕೆ) ಓಡಿಸಿ. ಅಂಚು, ಬಣ್ಣ, ಮಿತಿ ಯಾವ ತಲೆನೋವೂ ಇಲ್ಲ. ಫಾಂಟ್ ಆವೃತ್ತಿ ಬದಲಿಸುವಾಗ ನಾನು ಮೊದಲು ಮಾಡುವುದು ಇದೇ.

ಜೋಡಣೆ ತಪ್ಪುವುದಕ್ಕೆ ಒಂದು ಉದಾಹರಣೆ. ‘ರ‍್ಯಾಂಕ್’ ಬರೆಯುವಾಗ ರ ಆದ ಮೇಲೆ ಕಾಣದ ಜೋಡಕವೊಂದು ಇರುತ್ತದೆ, ಅದರಿಂದ ರ ಕೆಳಗೆ ಯ ಒತ್ತು ಬರುತ್ತದೆ. ಅನುವಾದದ ಕಡತವನ್ನು ಯಾವುದೋ ಎಡಿಟರ್ ‘ಶುಚಿ’ ಮಾಡಿ ಆ ಜೋಡಕ ತೆಗೆದರೆ ‘ರ್ಯಾಂಕ್’ ಆಗಿ ಅರ್ಕಾವೊತ್ತು ಬಂದು ಕೂರುತ್ತದೆ. ‘ಸಾಫ್ಟ್‌ವೇರ್’ ಪದದ ನಡುವಿನ ಕಾಣದ ಬಿಡಿಕೆ ಹೋದರೆ ‘ಸಾಫ್ಟ್ವೇರ್’. ಅನುವಾದ ಕಡತದ ಡಿಫ್ ನೋಡುವವರಿಗೆ ಎರಡೂ ಸಾಲು ಒಂದೇ ತರ ಕಂಡು ಗೊಂದಲವಾಗಬಹುದು, ಚಿತ್ರದಲ್ಲಿ ತಕ್ಷಣ ಕಾಣುತ್ತದೆ.

ಇದರ ತದ್ವಿರುದ್ಧವೂ ಇದೆ. ‘ೊ’ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, ‘ೆ’ ಮತ್ತು ‘ೂ’ ಎರಡು ಸಂಕೇತವಾಗಿಯೂ ಇಡಬಹುದು. ಯೂನಿಕೋಡ್ ಪ್ರಕಾರ ಎರಡೂ ಸಮ. ಪರದೆಯ ಮೇಲೆ ಒಂದೇ, ಪಠ್ಯದಲ್ಲಿ ಬೇರೆ. ಹುಡುಕಾಟ ಕೆಟ್ಟುಹೋಗುವುದು ಇಂಥದರಿಂದ, ಚಿತ್ರ ಹೋಲಿಕೆ ಅದನ್ನು ಎಂದೂ ಹಿಡಿಯದು.

ಗುಲ್ಮೊಹರ್ ಧಾರವಾಡ

ಗುಬ್ಬಿಗೂಡು ಅವರ, ಹಂಗಾದ್ರ ಎಚ್‌ಬಿ-ಶೇಪ್ ಒಂದ ಸಾಕಲ್ಲ? ಚಿತ್ರದ ಗೋಜಾ ಯಾಕ?

ತುಂಗಾತೀರ

ಸಾಲದು ಸರ್. ನಮ್ಮ ‘ರಾಷ್ಟ್ರ’ದ ವಿಷಯದಲ್ಲಿ ಫಾಂಟ್ ಬದಲಾಗಿಲ್ಲ, ಪದ ಬದಲಾಗಿಲ್ಲ, ಜೋಡಣೆ ಸರಿಯೇ ಇದೆ. ಕತ್ತರಿ ಬಿದ್ದದ್ದು ಸಿಎಸ್‌ಎಸ್‌ನಿಂದ. ಗ್ಲಿಫ್ ಪಟ್ಟಿ ಹೋಲಿಸಿದ್ದರೆ ಎಲ್ಲವೂ ಸರಿ ಅಂತಲೇ ಬರುತ್ತಿತ್ತು.

ಕೆರೆಕಾವಲು

ಕ್ಷಮಿಸಿ, ನಡುವೆ ಬರುತ್ತಿದ್ದೇನೆ. ನಮ್ಮೂರ ಕೆರೆಯ ಎರಡು ವರ್ಷದ ಉಪಗ್ರಹ ಚಿತ್ರ ಹೋಲಿಸಿ ಒತ್ತುವರಿ ತೋರಿಸಲು ಈ ಸಾಧನಗಳು ಆಗುತ್ತವೆಯೇ?

ರೈನ್‌ದಂಡೆ

ನೇರವಾಗಿ ಆಗುವುದಿಲ್ಲ. ಮೋಡ, ನೆರಳು, ಮಳೆಗಾಲ–ಬೇಸಿಗೆ ಎಲ್ಲವೂ ವ್ಯತ್ಯಾಸವಾಗಿ ಕಾಣುತ್ತದೆ. ಒಂದೇ ತಿಂಗಳಿನ ಸೆಂಟಿನೆಲ್-2 ಉಪಗ್ರಹದ ಚಿತ್ರಗಳನ್ನು ತೆಗೆದುಕೊಂಡು ಕ್ಯೂಜಿಐಎಸ್ ನಕ್ಷೆ ತಂತ್ರಾಂಶದಲ್ಲಿ ಹಸಿರು ಮತ್ತು ಸಮೀಪ ಅವಗೆಂಪು ಪಟ್ಟಿಗಳಿಂದ ನೀರಿನ ಸೂಚ್ಯಂಕ ಲೆಕ್ಕ ಹಾಕಿ ಹೋಲಿಸಿ. ಅಲ್ಲಿ ಒಂದು ಪಿಕ್ಸೆಲ್ ಅಂದರೆ ನೆಲದ ಮೇಲೆ 10 ಮೀಟರ್, ಸಣ್ಣ ಒತ್ತುವರಿ ಕಾಣದು. ಬೇರೆ ಎಳೆ ತೆರೆಯಿರಿ, ಅಲ್ಲಿ ವಿವರವಾಗಿ ಬರೆಯುತ್ತೇನೆ.

ತುಂಗಾತೀರ

ಎಲ್ಲರ ಸಲಹೆ ಸೇರಿಸಿ ಈ ವಾರ ಹೊಸದಾಗಿ ಕಟ್ಟಿದ್ದೇವೆ. ಬೇರೆಯವರಿಗೂ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಇಡೀ ಪುಟದ ಚಿತ್ರ ಈಗಲೂ ಇದೆ, ಆದರೆ ಅದು ವಿನ್ಯಾಸ ಕದಲಿದೆಯೇ ಅಂತ ನೋಡಲು ಮಾತ್ರ. ಅಕ್ಷರಕ್ಕೆ ಬೇರೆ ಪುಟವನ್ನೇ ಮಾಡಿದೆವು. ನಮ್ಮಲ್ಲಿರುವ ಪ್ರತಿ ಬಗೆಯ ಬಟನ್, ಟ್ಯಾಬ್, ಮೆನು, ಫಾರ್ಮ್ ಸೂಚನೆ ಎಲ್ಲದರಲ್ಲೂ ಕಷ್ಟದ ಪದಗಳನ್ನು ತುಂಬಿ, ಒಂದೊಂದನ್ನೂ ಬೇರೆಯಾಗಿ ಹಿಡಿಯುತ್ತೇವೆ. ಥ್ರೆಶೋಲ್ಡ್ 0.05, ಎಣಿಕೆ ಸೊನ್ನೆ. ಎಲ್ಲವೂ ಡಾಕರ್ ಒಳಗೆ, ನೋಟೋ ಸಾನ್ಸ್ ಕನ್ನಡ ಕೋಡ್ ಜೊತೆಗೇ ಇದೆ. ಹಳೆಯ ತಪ್ಪನ್ನು ಬೇಕೆಂದೇ ಮತ್ತೆ ಹಾಕಿ ನೋಡಿದೆವು, ‘ರಾಷ್ಟ್ರ’, ‘ಸ್ತ್ರೀ’, ‘ಲಕ್ಷ್ಮೀ’ ಮೂರೂ ಕೂಡಲೇ ಫೇಲ್ ಆದವು. ಮನಸ್ಸಿಗೆ ತುಂಬಾ ಸಮಾಧಾನ.

ಸ್ಕ್ರೀನ್‌ಶಾಟ್ ಎರಡು ಪಟ್ಟು ಗಾತ್ರದಲ್ಲಿ ತೆಗೆಯುತ್ತೇವೆ. 30 ಪಿಕ್ಸೆಲ್ ಒತ್ತು 120 ಆಗುತ್ತದೆ, ಗೀಟು ಎರಡು ಪಿಕ್ಸೆಲ್ ಅಗಲವಾಗುತ್ತದೆ. ಶೇಕಡಾ ಲೆಕ್ಕದಲ್ಲಿ ಇದರಿಂದ ಏನೂ ಲಾಭ ಇಲ್ಲ, ಎಣಿಕೆಯಲ್ಲಿ ಇದೆ. ಇದಕ್ಕೆ ‘ಡಿವೈಸ್‌ಸ್ಕೇಲ್‌ಫ್ಯಾಕ್ಟರ್’ 2 ಇಟ್ಟರೆ ಸಾಲದು. ಪ್ಲೇರೈಟ್‌ನ ಹೋಲಿಕೆ ಚಿತ್ರವನ್ನು ತಾನಾಗಿ ಸಿಎಸ್‌ಎಸ್ ಅಳತೆಗೆ, ಅಂದರೆ ಒಂದು ಪಟ್ಟಿಗೆ, ಇಳಿಸಿಬಿಡುತ್ತದೆ, ‘ಸ್ಕೇಲ್’ ಆಯ್ಕೆಯನ್ನು ‘ಡಿವೈಸ್’ ಅಂತ ಬದಲಿಸಬೇಕು.

ಬಟನ್‌ಗಳ ಸಾಲಿನ ಎತ್ತರವನ್ನು ಕನ್ನಡಕ್ಕೆ 1.6 ಮಾಡಿದ್ದೇವೆ. ಮೂಲ ಚಿತ್ರ ಬದಲಿಸುವ ಯಾವ ಕಮಿಟ್ ಆದರೂ ಕನ್ನಡ ತಂಡದ ಒಬ್ಬರ ಒಪ್ಪಿಗೆ ಇಲ್ಲದೆ ಸೇರುವುದಿಲ್ಲ.

ಸದ್ಯದ ಪದಪಟ್ಟಿ: ರಾಷ್ಟ್ರ, ಸ್ತ್ರೀ, ಶಾಸ್ತ್ರ, ಲಕ್ಷ್ಮೀ, ಕರ್ತೃ, ಮೃತ್ಯು, ಜ್ಞಾನ, ಸೌಹಾರ್ದ, ಹೊಟ್ಟೆ, ದನ–ಧನ, ರ‍್ಯಾಂಕ್, ಸಾಫ್ಟ್‌ವೇರ್. ಇನ್ನೂ ಯಾವುದು ಬೇಕು ಹೇಳಿ.

ಹಳೆಹೊತ್ತಗೆ

‘ಜ್ಯೋತ್ಸ್ನಾ’ ಸೇರಿಸಿ. ತ ಕೆಳಗೆ ಸ, ಅದರ ಜೊತೆ ನ. ‘ಕಾರ್ತ್ಸ್ನ್ಯ’ವನ್ನೂ ಹಾಕಿ, ಬಳಕೆ ಅಪರೂಪವಾದರೂ ಮೂರು ಒತ್ತು ಮತ್ತು ಅರ್ಕಾವೊತ್ತು ಒಂದೇ ಅಕ್ಷರದಲ್ಲಿ ಬರುತ್ತವೆ. ಕನ್ನಡ ಅಂಕಿಗಳನ್ನೂ ಮರೆಯಬೇಡಿ, ೧ ಮತ್ತು ೦ ಸಣ್ಣ ಗಾತ್ರದಲ್ಲಿ ಹತ್ತಿರ ಹತ್ತಿರ ಕಾಣುತ್ತವೆ.

ಕಡಲತಡಿ

ಉದ್ದದ ಪದವೂ ಬೇಕು. ‘ರದ್ದುಗೊಳಿಸಿ’, ‘ದೃಢೀಕರಿಸಿಕೊಳ್ಳಿ’ ಇಂಥವು ಬಟನ್‌ನ ಅಗಲ ಮೀರಿ ಚುಕ್ಕಿ ಬರುವಾಗ ಅಕ್ಷರದ ನಡುವೆ ಕತ್ತರಿಸುತ್ತದಾ ನೋಡಿ.

ಗುಲ್ಮೊಹರ್ ಧಾರವಾಡ

ಈ ಪದಪಟ್ಟಿ ನಮಗೂ ಬೇಕ್ರಿ. ಒಂದು ಕಡತ ಮಾಡಿ ಮುಕ್ತ ಪರವಾನಗಿಯೊಳಗ ಹಾಕಿದ್ರ ಎಲ್ಲಾ ಯೋಜನೆಯವರೂ ತಗೋಬಹುದು. ಇವತ್ತ ರಾತ್ರಿ ನಾನ ಶುರು ಮಾಡ್ತೀನಿ.

ತುಂಗಾತೀರ

ದಯವಿಟ್ಟು ಮಾಡಿ. ಕಡತದಲ್ಲಿ ಪದದ ಪಕ್ಕ ಅದು ಯಾವ ತೊಂದರೆಯನ್ನು ಹಿಡಿಯಲು ಇದೆ ಅಂತ ಒಂದು ಸಾಲು ಇರಲಿ: ಕೆಳಗೆ ಕತ್ತರಿಸುವುದು, ಕಾಣದ ಜೋಡಕ ಹೋಗುವುದು, ಗೀಟು ಅಳಿಯುವುದು ಹೀಗೆ. ಕನ್ನಡ ಬಾರದ ಡೆವಲಪರ್‌ಗೂ ಯಾಕೆ ಫೇಲ್ ಆಯಿತು ಅಂತ ತಿಳಿಯಬೇಕು, ಹಾಗಾಗಿ ಆ ಸಾಲನ್ನು ಇಂಗ್ಲಿಷಿನಲ್ಲೂ ಬರೆಯೋಣ. ಕಡತ ಸಿದ್ಧವಾದ ಕೂಡಲೇ ಇಲ್ಲೇ ತಿಳಿಸಿ, ನಮ್ಮ ಪಟ್ಟಿಯನ್ನು ಅದಕ್ಕೇ ಸೇರಿಸುತ್ತೇನೆ.